ಒಂದು ಕಿವಿ ಕೇಳಿಸದ ಮಗುವಿಗೆ ಮೊದಲ ಬೆಂಚು ಕೊಟ್ಟರೆ ಸಾಲದು

ನಮ್ಮಲ್ಲಿಗೆ ಸಲಹೆಗೆ ಬಂದವಳು ಮೂರನೇ ತರಗತಿಯ ಹುಡುಗಿ, ವಯಸ್ಸು ಎಂಟು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇವೆ. ಶಾಲೆಯ ದೂರು ಇಷ್ಟೇ: 'ಕರೆದರೆ ಓಗೊಡಲ್ಲ, ಬೇಕಂತಲೇ ಕೇಳಿಸಿಕೊಳ್ಳಲ್ಲ.' ಮನೆಯವರಿಗೆ ಕಾರಣ ಗೊತ್ತಿತ್ತು. ಆರನೇ ವಯಸ್ಸಿನಲ್ಲಿ ಮಂಗನಬಾವು ಬಂದು ಹೋದ ಮೇಲೆ, ಬಲಗಿವಿಗೆ ಫೋನ್ ಹಿಡಿದರೆ 'ಯಾರೂ ಮಾತಾಡ್ತಿಲ್ಲ' ಎನ್ನುತ್ತಿದ್ದಳು. 'ಹೆಣ್ಣುಮಗು, ನಾಳೆ ನಾಲ್ಕು ಜನ ಏನಂತಾರೆ' ಎಂದು ಅಜ್ಜಿ ಶಾಲೆಗೆ ತಿಳಿಸಲು ಬಿಟ್ಟಿರಲಿಲ್ಲ. ವಾರಕ್ಕೊಮ್ಮೆ ಕಿವಿಗೆ ಬಿಸಿ ಎಣ್ಣೆ ಬಿಡುವುದು ಮಾತ್ರ ನಡೆದಿತ್ತು.

ಮನೆಯವರು ತಂದಿದ್ದ ಆಡಿಯೋಗ್ರಾಂನಲ್ಲಿ (ಶ್ರವಣ ಪರೀಕ್ಷೆಯ ನಕ್ಷೆ) ಬಲಗಿವಿ 60 ಡೆಸಿಬೆಲ್ ಎಂದಿತ್ತು, ಅಂದರೆ ಅಷ್ಟು ಜೋರಿನ ಶಬ್ದವಾದರೆ ಕೇಳಿಸುತ್ತದೆ ಎಂದು. ಅದನ್ನು ನಂಬಿ ಕೊಂಡ ಶ್ರವಣಯಂತ್ರವನ್ನು ಮಗು ಹಾಕಿಕೊಳ್ಳಲು ಒಪ್ಪುತ್ತಿರಲಿಲ್ಲ. ಆ ಹಾಳೆಯಲ್ಲಿ ಮಾಸ್ಕಿಂಗ್ ಮಾಡಿದ ಗುರುತೇ ಇಲ್ಲ. ಕೇಳದ ಕಿವಿಗೆ ಜೋರಾಗಿ ಶಬ್ದ ಕೊಟ್ಟಾಗ ಅದು ತಲೆಬುರುಡೆಯ ಮೂಲಕ ಆಚೆಯ ಒಳ್ಳೆಯ ಕಿವಿಗೆ ತಲುಪುತ್ತದೆ. ಮಗು 'ಕೇಳಿಸ್ತು' ಎಂದು ಕೈ ಎತ್ತುತ್ತದೆ. ಒಳ್ಳೆಯ ಕಿವಿಗೆ ಗುಯ್‌ಗುಡುವ ಶಬ್ದ ತುಂಬಿ ಅದನ್ನು ಆಟದಿಂದ ಹೊರಗಿಡುವುದೇ ಮಾಸ್ಕಿಂಗ್. ಹಾಗೆ ಮಾಡದ ಪರೀಕ್ಷೆಯಿಂದ ಬಲಗಿವಿಯ ಲೆಕ್ಕ ಸಿಗುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ, ಶ್ರವಣ ವಿಭಾಗವಿರುವ ಯಾವುದೇ ಆಸ್ಪತ್ರೆಯಲ್ಲಾಗಲಿ ಮತ್ತೆ ಪೂರ್ತಿ ಪರೀಕ್ಷೆ ಮಾಡಿಸಿ ಎಂದೆವು: ಮಾಸ್ಕಿಂಗ್ ಸಹಿತ ಆಡಿಯೋಮೆಟ್ರಿ (ಶಬ್ದ ಕೇಳಿಸಿ ಮಾಡುವ ಪರೀಕ್ಷೆ), ಓಎಇ (ಒಳಗಿವಿ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು), ಬೆರಾ (ಶಬ್ದಕ್ಕೆ ನರ ಮತ್ತು ಮಿದುಳಿನ ಪ್ರತಿಕ್ರಿಯೆ ಅಳೆಯುವುದು). ವರದಿ ಬಂತು: ಎಡಗಿವಿ ಸಹಜ. ಬಲಗಿವಿಯಲ್ಲಿ ಯಂತ್ರದ ಗರಿಷ್ಠ ಮಟ್ಟದಲ್ಲೂ ಉತ್ತರವಿಲ್ಲ. ಅಂಥ ಕಿವಿಗೆ ಸಾಮಾನ್ಯ ಶ್ರವಣಯಂತ್ರ ಹಾಕಿದರೆ ಕಿರಿಕಿರಿ ಬಿಟ್ಟು ಬೇರೇನೂ ಸಿಗದು. ಮಗುವಿನದು ಹಟವಾಗಿರಲಿಲ್ಲ.

'ರಾತ್ರಿ ನಾವು ಪಿಸುಗುಟ್ಟಿದ್ದೂ ಕೇಳಿಸಿಕೊಳ್ತಾಳಲ್ಲ ಮೇಡಂ' ಎಂದು ತಂದೆ ಕೇಳಿದರು. ಕೇಳಿಸಿಕೊಳ್ಳುತ್ತಾಳೆ, ನಿಜ. ಸದ್ದಿಲ್ಲದ ಮನೆಯಲ್ಲಿ ಒಂದು ಕಿವಿ ಸಾಕು. ಎರಡು ಕಿವಿ ಬೇಕಾಗುವುದು ಎರಡು ಕೆಲಸಕ್ಕೆ: ಶಬ್ದ ಯಾವ ಕಡೆಯಿಂದ ಬಂತೆಂದು ತಿಳಿಯಲು, ಗದ್ದಲದಿಂದ ಒಂದು ದನಿಯನ್ನು ಹೆಕ್ಕಿಕೊಳ್ಳಲು. ಬಲಗಡೆಯಿಂದ ಬಂದ ಮಾತಿಗೆ ತಲೆಯೇ ಅಡ್ಡ ನಿಲ್ಲುತ್ತದೆ. ಸ, ಶ, ತ, ಕ, ಪ ಇಂಥ ವ್ಯಂಜನಗಳನ್ನು ಗುರುತಿಸಿಕೊಡುವ ಕೀಚಲು ಅಂಶವೇ ಹೆಚ್ಚು ಸೋರಿಹೋಗುತ್ತದೆ. ಉಕ್ತಲೇಖನದ ಪುಸ್ತಕ ತರಿಸಿ ನೋಡಿದೆವು. 'ಕಪ್ಪು' ಇದ್ದಲ್ಲಿ 'ತಪ್ಪು', 'ಪಟ' ಇದ್ದಲ್ಲಿ 'ತಟ'. ಸ್ವರ ಒಂದೂ ತಪ್ಪಿಲ್ಲ. ಟೀಚರ್ ಓಡಾಡುತ್ತ ಹೇಳಿಬರೆಸುತ್ತಿದ್ದರು, ತಲೆಯ ಮೇಲೆ ಫ್ಯಾನು. ಇದನ್ನು ದಡ್ಡತನವೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ಅನ್ಯಾಯ.

ವಿಷಯ ಬಿಡಿಸಿ ಹೇಳಿದ ಕೂಡಲೇ ಶಾಲೆಯವರು ಒಳ್ಳೆಯ ಮನಸ್ಸಿನಿಂದಲೇ ಮೊದಲ ಬೆಂಚು ಕೊಟ್ಟರು. ಆದರೆ ಎಡಗಡೆಯ ಗೋಡೆಯ ಪಕ್ಕ. ಅಲ್ಲಿ ಕಿಟಕಿ, ಕಿಟಕಿಯಾಚೆ ಬಸ್ಸಿನ ರಸ್ತೆ. ಒಳ್ಳೆಯ ಕಿವಿಗೆ ರಸ್ತೆ ಸಿಕ್ಕಿತು, ಕೇಳದ ಕಿವಿಗೆ ತರಗತಿ! ಮೊದಲಿಗಿಂತ ಕಷ್ಟವೇ ಆಯಿತು. ಬಲಗಿವಿ ಕೇಳದ ಮಗು ಬೋರ್ಡಿಗೆ ಮುಖ ಮಾಡಿದಾಗ ಬಲಗಡೆಯ ಗೋಡೆಯ ಹತ್ತಿರ ಇರಬೇಕು. ಆಗ ಎಡಗಿವಿ ಟೀಚರ್ ಕಡೆಗೂ ಗೆಳತಿಯರ ಕಡೆಗೂ ತೆರೆದಿರುತ್ತದೆ. ಮೊದಲ ಸಾಲಿಗಿಂತ ಎರಡನೆಯದು ವಾಸಿ, ಮುಂದೆ ಕೂತವರ ಮುಖವೂ ಕಾಣುತ್ತದೆ. ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಹಾಗಾಗಿ ಟೀಚರ್ ಎರಡು ಮೀಟರ್ ಒಳಗೇ ಇರುವಂತೆ ನೋಡಿಕೊಂಡರೆ ಒಳ್ಳೆಯದು. ಉಕ್ತಲೇಖನಕ್ಕೆ ಒಂದೇ ಕಡೆ ನಿಂತು, ಬೋರ್ಡಿಗೆ ಬೆನ್ನು ಹಾಕಿ ಹೇಳಬೇಕು. 'ಕೇಳಿಸ್ತಾ?' ಎಂದು ಕೇಳಿದರೆ ಮಗು ಹೂಂ ಎಂದೇ ಅನ್ನುತ್ತದೆ. 'ಈಗ ಏನು ಮಾಡಬೇಕು, ಹೇಳು ನೋಡೋಣ' ಎಂದು ಕೇಳಿ.

ಸಾಧನಗಳ ಬಗ್ಗೆ ತಂದೆಯದು ಮುಗಿಯದ ಪ್ರಶ್ನೆಗಳು. ಕ್ರಾಸ್ ಯಂತ್ರ ಬಲಗಡೆಯ ಶಬ್ದವನ್ನು ಎಡಗಿವಿಗೆ ಸಾಗಿಸುತ್ತದೆ. ಆದರೆ ಬಲಗಡೆ ಗದ್ದಲವಿದ್ದರೆ ಅದನ್ನೂ ತಂದು ಸುರಿಯುತ್ತದೆ. ಅದನ್ನು ಯಾವಾಗ ಆಫ್ ಮಾಡಬೇಕೆಂಬ ತಿಳಿವಳಿಕೆ ಎಂಟರ ಮಗುವಿಗೆ ಕಷ್ಟ. ತರಗತಿಗೆ ಹೆಚ್ಚು ಉಪಯೋಗ ರಿಮೋಟ್ ಮೈಕ್‌ನಿಂದ. ಟೀಚರ್ ಬಾಯಿಂದ 15 ಸೆಂ.ಮೀ. ಕೆಳಗೆ ಮೈಕ್, ಮಗುವಿನ ಒಳ್ಳೆಯ ಕಿವಿಗೆ ಕಿವಿ ಮುಚ್ಚದ ಪುಟ್ಟ ರಿಸೀವರ್. ತಾಳಿಸರವೋ ಸೆರಗೋ ಮೈಕಿಗೆ ತಾಗಿದರೆ ಕರಕರ ಶಬ್ದ ಬರುತ್ತದೆ. ಸ್ಟಾಫ್ ರೂಮಿಗೆ ಹೋಗುವಾಗ ಮ್ಯೂಟ್ ಮಾಡಲು ಮರೆತರೆ ಅಲ್ಲಿನ ಮಾತೆಲ್ಲ ಮಗುವಿನ ಕಿವಿಗೆ ಬೀಳುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಸಾಧನ) ಬೇಕೇ ಬೇಡವೇ ಎಂಬುದು ಇಎನ್‌ಟಿ ವೈದ್ಯರು ಎಂಆರ್‌ಐನಲ್ಲಿ ಕಿವಿಯ ನರ ನೋಡಿ ಹೇಳಬೇಕಾದ ಮಾತು. 'ದೊಡ್ಡವಳಾದ ಮೇಲೆ ನೋಡೋಣ' ಎಂದು ಮಾತ್ರ ಮುಂದೂಡಬೇಡಿ ಎಂದೆವು. ಕಿವಿ ಸುಮ್ಮನಿದ್ದ ವರ್ಷಗಳು ಹೆಚ್ಚಿದಷ್ಟೂ ಇಂಪ್ಲಾಂಟಿನ ಫಲ ಕಡಿಮೆಯಾಗುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರದ ಪ್ರಶ್ನೆಗೆ ಉತ್ತರ ಬೇಸರದ್ದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯಲ್ಲಿ ಶ್ರವಣದೋಷ ಎಂದರೆ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟ. ಒಂದು ಕಿವಿ ಸಹಜವಿದ್ದರೆ ಆ ಸೌಲಭ್ಯಗಳು ಸಿಗುವುದಿಲ್ಲ. ಬೆಂಚು ಬದಲಿಸಲು ಪ್ರಮಾಣಪತ್ರ ಬೇಕಿಲ್ಲ. ಆಡಿಯೋಗ್ರಾಂ ಲಗತ್ತಿಸಿದ ಒಂದು ಪುಟದ ಪತ್ರ ಸಾಕು.

ಮನೆಯಲ್ಲಿ ಬದಲಾದದ್ದು ಸಣ್ಣ ಸಣ್ಣ ಸಂಗತಿಗಳು. ಅಡುಗೆಮನೆಯಿಂದ ಬರೀ ಹೆಸರು ಹಿಡಿದು ಕೂಗಿದರೆ ಅವಳು ಮನೆಯೆಲ್ಲ ಹುಡುಕುತ್ತಾಳೆ. 'ಅಡುಗೆಮನೇಲಿದ್ದೀನಿ, ಬಾ' ಎನ್ನಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಬಲಗಡೆ ಕೂರಿಸಿದರೆ ಎಲ್ಲರ ಮಾತೂ ಎಡಗಿವಿಗೆ. ಹೆಡ್‌ಫೋನಿನಲ್ಲಿ ಪಾಠ ಕೇಳುವಾಗ ಫೋನಿನ ಸೆಟಿಂಗ್ಸ್‌ನಲ್ಲಿ ಮೋನೋ ಆಡಿಯೋ (ಎರಡೂ ಕಡೆಗೆ ಒಂದೇ ಧ್ವನಿ) ಹಾಕಿ, ಇಲ್ಲದಿದ್ದರೆ ಅರ್ಧ ಧ್ವನಿ ಬಲಗಡೆಯೇ ಉಳಿಯುತ್ತದೆ. ರಸ್ತೆ ದಾಟುವಾಗ ಹಾರ್ನ್ ಕೇಳಿ ಅಂದಾಜು ಮಾಡಬಾರದು. ಅದು ಯಾವ ಕಡೆಯದೆಂದು ಅವಳಿಗೆ ತಿಳಿಯದು. ನಿಂತು ಎರಡೂ ಕಡೆ ನೋಡಿಯೇ ದಾಟಬೇಕು. ಶಾಲೆಯಿಂದ ಬಂದವಳು ಸಿಡುಕಿದರೆ ಅದು ದಣಿವು. ದಿನವಿಡೀ ಕಿವಿಗೊಟ್ಟು ಕೂತ ಮಗುವಿಗೆ ಅರ್ಧ ಗಂಟೆ ಟಿವಿಯಿಲ್ಲದ ಮೌನ ಕೊಟ್ಟು ಆಮೇಲೆ ಟ್ಯೂಷನ್.

ಅಜ್ಜಿಗೆ ಬೇರೆಯಾಗಿ ಕೂರಿಸಿ ಹೇಳಿದೆವು: 'ಈ ಎಡಗಿವಿಯೇ ಈಗ ಅವಳ ಆಸ್ತಿ, ಅಜ್ಜೀ. ಎಣ್ಣೆ, ಕಡ್ಡಿ, ಪಿನ್ನು ಯಾವುದೂ ಬೇಡ.' ಎಡಗಿವಿ ಸೋರಿದರೆ, ನೋವಾದರೆ ಅದೇ ದಿನ ವೈದ್ಯರಲ್ಲಿಗೆ. ಇದ್ದಕ್ಕಿದ್ದಂತೆ ಮಂದವಾದರೆ ರಾತ್ರಿಯಾದರೂ ಕಾಯಬಾರದು, ತಡವಾದಷ್ಟೂ ಔಷಧ ಹಿಡಿಯುವ ಸಾಧ್ಯತೆ ಕಡಿಮೆ. ಆರು ತಿಂಗಳಿಗೊಮ್ಮೆ ಆಡಿಯೋಗ್ರಾಂ ಎಂದು ನಿಗದಿ ಮಾಡಿದೆವು. ತಮ್ಮನ ಲಸಿಕೆಯನ್ನೂ ವಿಚಾರಿಸಿದೆವು. ಸರ್ಕಾರಿ ಕಾರ್ಯಕ್ರಮದ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯಲ್ಲಿ ಮಂಗನಬಾವಿನ ಅಂಶ ಇಲ್ಲ, ಅದೂ ಸೇರಿರುವ ಎಂಎಂಆರ್ ಅನ್ನು ಮಕ್ಕಳ ವೈದ್ಯರಲ್ಲಿ ಕೇಳಿ ಹಾಕಿಸಬೇಕು.

ಮಗುವಿಗೆ ಕಲಿಸಿದ್ದು ಒಂದೇ ಮಾತು: 'ನಂಗೆ ಈ ಕಿವಿ ಕೇಳಲ್ಲ, ಆ ಕಡೆ ಬಂದು ಹೇಳು.' ಮೊದಲು ಅಮ್ಮನ ಹತ್ತಿರ, ಆಮೇಲೆ ತಮ್ಮನ ಹತ್ತಿರ, ಕೊನೆಗೆ ಪಕ್ಕದ ಬೆಂಚಿನ ಗೆಳತಿಯ ಹತ್ತಿರ ಹೇಳಿ ಅಭ್ಯಾಸ ಮಾಡಿಸಿದೆವು. ಅಜ್ಜಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಪ್ರತಿ ಜೂನ್‌ನಲ್ಲಿ ಹೊಸ ಟೀಚರ್‌ಗೆ ಅದೇ ಪತ್ರ ಮತ್ತೆ ಕೊಡಬೇಕು. ಕೋಣೆ ಬದಲಾದರೆ ರಸ್ತೆ ಯಾವ ಕಡೆಯಿದೆ ಎಂದು ತಾಯಿಯೇ ಒಮ್ಮೆ ಹೋಗಿ ನೋಡಿ ಬೆಂಚು ಕೇಳಬೇಕು.