ಕೊಡಗಿನಲ್ಲಿ ಬೆಲ್ಲಿ ಡ್ಯಾನ್ಸ್ ಕಲಿಸಬಹುದಾ? ಸ್ಟೇಜ್ ಮೇಲೆ ಮಾಡಬಹುದಾ?

ಬೆಂಗಳೂರಿನಲ್ಲಿ ಬೆಲ್ಲಿ ಡ್ಯಾನ್ಸ್ ಕಲಿತು ಕುಶಾಲನಗರಕ್ಕೆ ವಾಪಸ್ ಬಂದಿದ್ದೀರಿ. ಇಲ್ಲಿ ಕ್ಲಾಸ್ ಶುರು ಮಾಡಿದರೆ ಜನ ಏನಂತಾರೆ, ಕಾರ್ಯಕ್ರಮ ಕೊಡಬಹುದಾ ಅಂತ ಕೇಳಿದ್ದೀರಿ. ನಾನು ವಿರಾಜಪೇಟೆ ಕಡೆಯವಳು, ಇಲ್ಲೇ ಹೆಂಗಸರಿಗೆ ಈ ಡ್ಯಾನ್ಸ್ ಹೇಳಿಕೊಡುತ್ತೇನೆ. ಖಂಡಿತ ಶುರು ಮಾಡಿ. ಆದರೆ ಕ್ಲಾಸ್ ಮೊದಲು ಗಟ್ಟಿಯಾಗಲಿ, ಸ್ಟೇಜ್ ಆಮೇಲೆ. ದೊಡ್ಡ ಊರಲ್ಲಿ ಶೋ ನೋಡಿ ಜನ ಕಲಿಯಲು ಬರುತ್ತಾರೆ. ನಮ್ಮಲ್ಲಿ ಅದು ಉಲ್ಟಾ. ನಿಮ್ಮ ಹತ್ತಿರ ಕಲಿತವರು ಅವರವರ ಮನೆಯಲ್ಲಿ, ನೆಂಟರ ಮದುವೆಯಲ್ಲಿ ಇದರ ಬಗ್ಗೆ ಮಾತಾಡಬೇಕು. ಆಗ ಊರು ತಾನಾಗಿ ಒಪ್ಪುತ್ತದೆ.

ಜನರ ಅಳುಕು ಎಲ್ಲಿಂದ ಬಂತು ಅಂತ ಗೊತ್ತಲ್ವಾ? ಸಿನಿಮಾದಿಂದ. ಬೆಲ್ಲಿ ಡ್ಯಾನ್ಸ್ ಅಂದ ಕೂಡಲೇ ಮಿಣಮಿಣ ಬ್ಲೌಸು, ಬರಿ ಹೊಟ್ಟೆ, ಕ್ಲಬ್ಬು ಕಣ್ಣ ಮುಂದೆ ಬರುತ್ತದೆ. ಆ ವೇಷ ಜೋರಾಗಿದ್ದು ಕಳೆದ ಶತಮಾನದ ಕೈರೋ ಕ್ಲಬ್‌ಗಳಲ್ಲಿ. 1926ರಲ್ಲಿ ಬದಿಯಾ ಮಸಾಬ್ನಿ ಅನ್ನುವ ನರ್ತಕಿ ಅಲ್ಲಿ ಕ್ಲಬ್ ತೆರೆದರು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಅಲ್ಲಿ ಬೆಳೆದು ಸಿನಿಮಾಕ್ಕೆ ಹೋದರು. ಅವರು ದೊಡ್ಡ ಕಲಾವಿದೆಯರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಜಿಪ್ಟಿನ ಮನೆಗಳಲ್ಲಿ, ಮದುವೆಗಳಲ್ಲಿ ಹೆಂಗಸರು ಹಾಕಿದ ಬಟ್ಟೆಯ ಮೇಲೇ ಸೊಂಟಕ್ಕೊಂದು ಶಾಲು ಬಿಗಿದು ಇವತ್ತಿಗೂ ಕುಣಿಯುತ್ತಾರೆ. ನಾವು ಕ್ಲಾಸಿನಲ್ಲಿ ಮಾಡುವುದೂ ಅದನ್ನೇ. ಚೂಡಿದಾರ್ ಮೇಲೆ ಒಂದು ದುಪಟ್ಟಾ ಕಟ್ಟಿದರೆ ಆಯಿತು.

1959ರಲ್ಲಿ ಮಹಮೂದ್ ರೆದಾ ಅನ್ನುವ ನರ್ತಕ ಕೈರೋದಲ್ಲಿ ತಮ್ಮ ಜಾನಪದ ನೃತ್ಯ ತಂಡ ಕಟ್ಟಿದಾಗ ಅಲ್ಲಿಯೂ ಇದೇ ಪ್ರಶ್ನೆ ಇತ್ತು. ಒಳ್ಳೆ ಮನೆಯ ಹುಡುಗಿ ಸ್ಟೇಜ್ ಮೇಲೆ ಕುಣಿಯುವುದಾ ಅಂತ. ತಂಡದ ಮುಖ್ಯ ನರ್ತಕಿ ಫರೀದಾ ಫಹ್ಮಿ. ಅವರ ತಂದೆ ಇಂಜಿನಿಯರಿಂಗ್ ಪ್ರೊಫೆಸರ್, ಅವರೇ ಮಗಳ ಬೆನ್ನಿಗೆ ನಿಂತರು. ಹೊಸದಾಗಿ ಸೇರಿದವರ ಮನೆಯವರು ವಿಚಾರಿಸಲು ಬಂದರೆ ನಾನು ಈ ಕತೆ ತಪ್ಪದೆ ಹೇಳುತ್ತೇನೆ.

ನಮ್ಮ ಊರಿಗೆ ಇನ್ನೊಂದು ಅನುಕೂಲ ಇದೆ. ಇಲ್ಲಿ ಕುಣಿಯೋದು ಯಾರಿಗೂ ಹೊಸದಲ್ಲ. ಕೊಡವ ಮದುವೆಯಲ್ಲಿ ವಾಲಗ ಶುರುವಾದರೆ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಎದ್ದು ಬರುತ್ತಾರೆ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್ ಆಡುವವರು ಕೈಯಲ್ಲಿ ತಾಳ ಹಿಡಿದು ಸುತ್ತು ಹಾಕುತ್ತಾರೆ. ಅಂಥವರ ಹೆಬ್ಬೆರಳು, ನಡುಬೆರಳಿಗೆ ಈಜಿಪ್ಟಿನ ಸಗಾತ್ ಹಾಕಿ ನೋಡಿ. ಅದೂ ಪುಟ್ಟ ತಾಳವೇ. ಕೈ ತಾನಾಗಿ ಓಡುತ್ತದೆ.

ಅದಕ್ಕೇ ನಾನು ಮೊದಲ ಕ್ಲಾಸಿನಲ್ಲಿ ಸೊಂಟದ ಮಾತೇ ಎತ್ತುವುದಿಲ್ಲ. ತಾಳದಿಂದ ಶುರು. ಮಕ್ಸೂಮ್ ಅಂತ ಒಂದು ತಾಳ, ಎಂಟು ಎಣಿಕೆಯದು. 1 ಮತ್ತು 5ಕ್ಕೆ ದುಂ, ಅಂದರೆ ಭಾರದ ಪೆಟ್ಟು. 2, 4, 7ಕ್ಕೆ ತಕ್, ಅಂದರೆ ಹಗುರ ಪೆಟ್ಟು. ಉಳಿದಿದ್ದು ಬಿಡುವು. ಕುಳಿತು ತೊಡೆ ತಟ್ಟಿಕೊಂಡು ಇದು ನಾಲಿಗೆಗೆ, ಕೈಗೆ ಕೂರಬೇಕು. ಆಮೇಲೆ ಎದ್ದು ನಿಲ್ಲಿಸಿ. ಒಂದು ಕಾಲನ್ನು ತುಸು ಮುಂದಿಟ್ಟು ಬೆರಳ ಮೇಲೆ ನಿಲ್ಲಿಸಬೇಕು, ಮಂಡಿ ಸಡಿಲವಾಗಿರಬೇಕು. ಮುಂದಿನ ಕಾಲಿನ ಮಂಡಿ ನೇರ ಮಾಡಿದರೆ ಆ ಕಡೆಯ ಸೊಂಟ ಏಳುತ್ತದೆ. ದುಂ ಬಂದಾಗ ಮಂಡಿ ಬಿಟ್ಟರೆ ಸೊಂಟ ಬೀಳುತ್ತದೆ. ಅಷ್ಟೇ, ಸೊಂಟವನ್ನು ಸುಮ್ನೆ ಒದರಬೇಕಾಗಿಲ್ಲ. ಒಂದು ಕೈ ಪಕ್ಕೆಲುಬಿನ ಮೇಲೆ ಇಟ್ಟುಕೊಳ್ಳಲು ಹೇಳಿ, ಆ ಕೈ ಅಲುಗಬಾರದು. ನಡು ಒಳಕ್ಕೆ ಬಾಗಿಸಿ ನಿಂತವರಿಗೆ ಮಾರನೇ ದಿನ ಬೆನ್ನು ಹಿಡಿಯುತ್ತದೆ, ಕೆಳಹೊಟ್ಟೆ ಸ್ವಲ್ಪ ಬಿಗಿ ಮಾಡಿಸಿ.

ಜುಲೈ ತಿಂಗಳಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆದರೆ ಸ್ಪೀಕರ್ ಕೇಳುವುದಿಲ್ಲ. ಎಷ್ಟೋ ಸಲ ಕರೆಂಟೂ ಇರುವುದಿಲ್ಲ. ಆಗ ನಮ್ಮಲ್ಲಿ ಅರ್ಧ ಜನ ಚಪ್ಪಾಳೆಯಲ್ಲಿ ಮಕ್ಸೂಮ್ ಹಿಡಿಯುತ್ತಾರೆ, ಅರ್ಧ ಜನ ಕುಣಿಯುತ್ತಾರೆ. ಸೊಂಟಕ್ಕೆ ಕಟ್ಟಿದ ಕಾಸಿನ ಪಟ್ಟಿ ಎಲ್ಲರದ್ದೂ ಒಟ್ಟಿಗೆ ದುಂ ಮೇಲೆ ಝಲ್ ಅಂದಾಗ ಆಗುವ ಖುಷಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹೊಟ್ಟೆ ಕರಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಹೊಟ್ಟೆ ಒಂದೇ ಕಡೆ ಕರಗಿಸುವ ಡ್ಯಾನ್ಸ್ ಯಾವುದೂ ಇಲ್ಲ, ಹಾಗಂತಲೇ ಹೇಳಿ. ಹೆರಿಗೆ ಆದವರು, ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಬರಲಿ. ಮೊಬೈಲ್ ಮಾತ್ರ ಒಳಗೆ ಬೇಡವೇ ಬೇಡ. ಬಾಗಿಲ ಹತ್ತಿರ ಒಂದು ಬುಟ್ಟಿ ಇಡಿ, ಎಲ್ಲರ ಫೋನೂ ಅದರಲ್ಲಿರಲಿ, ನಿಮ್ಮದೂ ಕೂಡ. ಸಣ್ಣ ಊರಲ್ಲಿ ಒಂದು ವಿಡಿಯೋ ವಾಟ್ಸಾಪ್‌ನಲ್ಲಿ ಹರಿದಾಡಿದರೆ ಆ ಹೆಂಗಸು ಮತ್ತೆ ಬರುವುದಿಲ್ಲ. ಅವಳ ಜೊತೆ ಬರುತ್ತಿದ್ದವರೂ ಬರುವುದಿಲ್ಲ.

ಈಗ ಸ್ಟೇಜ್ ವಿಷಯ. ಮೊದಲ ಕಾರ್ಯಕ್ರಮಕ್ಕೆ ದಕ್ಷಿಣ ಈಜಿಪ್ಟಿನ ಸಯೀದಿ ಶೈಲಿ ತೆಗೆದುಕೊಳ್ಳಿ ಅಂತ ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ. ಮೇಲೆ ಹೇಳಿದ ತಾಳದಲ್ಲಿ 4ನೆಯದನ್ನೂ ದುಂ ಮಾಡಿದರೆ ಸಯೀದಿ ಆಗುತ್ತದೆ, ತೂಕ ಜಾಸ್ತಿ. ದಕ್ಷಿಣ ಈಜಿಪ್ಟಿನ ಗಂಡಸರು ಉದ್ದ ಕೋಲು ಹಿಡಿದು ಆಡುವ ತಹ್ತೀಬ್ ಅಂತ ಆಟ ಇದೆ. ಯುನೆಸ್ಕೋ 2016ರಲ್ಲಿ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹೆಂಗಸರು ಬೆತ್ತ ತಿರುಗಿಸುತ್ತಾ ಮಾಡುವ ಅಸಾಯಾ ನೃತ್ಯದ ಬೇರು ಅಲ್ಲಿದೆ. ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ನಿಲುವಂಗಿ, ಸೊಂಟಕ್ಕೆ ಶಾಲು, ಕೈಯಲ್ಲಿ ಬೆತ್ತ. ಕೊಡವ ಗಂಡಸರು ಬೆತ್ತ ಹಿಡಿದು ಆಡುವ ಪರಿಯಕಳಿ ನೋಡಿ ಬೆಳೆದ ನಮ್ಮ ಜನಕ್ಕೆ ಬೆತ್ತ ಹಿಡಿದು ಕುಣಿಯುವುದನ್ನು ಯಾರೂ ವಿವರಿಸಬೇಕಾಗಿಲ್ಲ. ವಯಸ್ಸಾದ ಗಂಡಸರೂ ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುತ್ತಾರೆ.

ಎಲ್ಲಿ ಮಾಡಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ. ಮಹಿಳಾ ಸಂಘದ ವಾರ್ಷಿಕೋತ್ಸವ, ಕಾಲೇಜ್ ಡೇ, ಪರಿಚಯದವರ ಮದುವೆಯ ಹಿಂದಿನ ಸಂಜೆ, ಇವೆಲ್ಲ ಒಳ್ಳೆಯವು. ದೇವಸ್ಥಾನದ ವೇದಿಕೆಗೆ ಬೇಡ, ಅಲ್ಲಿನ ರೀತಿನೀತಿ ಬೇರೆ. ರೆಸಾರ್ಟ್‌ಗಳಿಂದ ಕರೆ ಬಂದೇ ಬರುತ್ತದೆ. ಒಂದು ರೆಸಾರ್ಟ್‌ನವರು ನನಗೆ ಫೋನ್ ಮಾಡಿದಾಗ ಹಾಡಿನ ಬಗ್ಗೆ, ಸ್ಟೇಜಿನ ಅಳತೆ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಡ್ರೆಸ್ ಯಾವುದು ಅಂತ ಮಾತ್ರ ಕೇಳಿದರು. ಬರುವುದಿಲ್ಲ ಅಂದೆ. ಗ್ಲಾಸ್ ಹಿಡಿದು ಓಡಾಡುವವರ ಮಧ್ಯೆ ಕುಣಿಯುವುದು ನಿಮಗೆ ಸರಿ ಅನ್ನಿಸಬಹುದು, ಅದು ನಿಮ್ಮ ಇಷ್ಟ. ಆದರೆ ನಿಮ್ಮ ವಿದ್ಯಾರ್ಥಿನಿಯರನ್ನು ಅಲ್ಲಿಗೆ ಕರೆದೊಯ್ಯಬೇಡಿ. ಅವರ ಮನೆಯವರು ನಿಮ್ಮನ್ನು ನಂಬಿ ಕಳಿಸಿರುತ್ತಾರೆ.

ಶುರು ಮಾಡುವುದಾದರೆ ಸೆಪ್ಟೆಂಬರ್‌ನಲ್ಲಿ ಮಾಡಿ, ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ. ಅಷ್ಟರಲ್ಲಿ ಮಳೆ ಸ್ವಲ್ಪ ಕಡಿಮೆ ಆಗಿರುತ್ತದೆ. ಸುಗ್ಗಿಯ ಹಬ್ಬ ಪುತ್ತರಿವರೆಗೆ ಒಂದು ಸುತ್ತು ಪಾಠ ಮುಗಿಯುತ್ತದೆ. ಆಮೇಲೆ ಕಾಫಿ ಕೊಯ್ಲು ಬಂತೆಂದರೆ ತೋಟ ಇರುವವರು, ತೋಟದಲ್ಲಿ ದುಡಿಯುವವರು ಯಾರೂ ಬರಲಾರರು, ಫೆಬ್ರವರಿವರೆಗೆ ವಾರಕ್ಕೊಂದೇ ಕ್ಲಾಸ್ ಇಡಿ. ಕಾಸಿನ ಪಟ್ಟಿ ಎಲ್ಲರಿಗೂ ಒಟ್ಟಿಗೆ ತರಿಸಿದರೆ ಕಡಿಮೆಗೆ ಸಿಗುತ್ತದೆ. ಬೆತ್ತಕ್ಕೆ ಮಾತ್ರ ಆನ್‌ಲೈನ್ ಬೇಡ, ಇಲ್ಲಿಯದೇ ಹಗುರ ಇರುತ್ತದೆ, ಕೈ ನೋಯುವುದಿಲ್ಲ.