ನ್ಯೂಯಾರ್ಕಿನ ಸ್ಟುಡಿಯೋ 54 ನೈಟ್‌ಕ್ಲಬ್ ನಾಟಕಮಂದಿರ ಆಗಿದ್ದು ಹೇಗೆ?

ನಿಜ ಹೇಳಬೇಕೆಂದರೆ, ಅದು ಮೊದಲಿನಿಂದಲೂ ರಂಗಮಂದಿರವೇ. 1927ರಲ್ಲಿ ಫಾರ್ಚೂನ್ ಗ್ಯಾಲೊ ಅದನ್ನು ಒಪೆರಾಗೆಂದು ಕಟ್ಟಿಸಿದರು. ಒಪೆರಾ ಅಲ್ಲಿ ಜಾಸ್ತಿ ದಿನ ನಡೆಯಲಿಲ್ಲ. 1940ರ ದಶಕದಿಂದ ಸಿಬಿಎಸ್ ಕಂಪನಿ ಅದನ್ನು ರೇಡಿಯೋ, ಆಮೇಲೆ ಟಿವಿ ಸ್ಟುಡಿಯೋ ಮಾಡಿಕೊಂಡಿತು.

ಎಲ್ಲರಿಗೂ ಗೊತ್ತಿರುವ ಕಥೆ ಶುರುವಾಗುವುದು 1977ರ ಏಪ್ರಿಲ್‌ನಲ್ಲಿ. ಸ್ಟೀವ್ ರುಬೆಲ್, ಇಯಾನ್ ಶ್ರೇಗರ್ ಅಲ್ಲಿ ಡಿಸ್ಕೊ ತೆರೆದರು. ಯಾರನ್ನು ಒಳಗೆ ಬಿಡಬೇಕು ಅಂತ ರುಬೆಲ್ ಬಾಗಿಲಲ್ಲೇ ನಿಂತು ಆರಿಸುತ್ತಿದ್ದರು. ಆ ಗತ್ತೇ ಕ್ಲಬ್ಬಿನ ಅರ್ಧ ಪ್ರಚಾರ ಅನ್ನಿ! 1978ರ ಡಿಸೆಂಬರ್‌ನಲ್ಲಿ ತೆರಿಗೆ ಅಧಿಕಾರಿಗಳು ದಾಳಿ ಮಾಡಿದರು. 1980ರಲ್ಲಿ ಇಬ್ಬರೂ ಜೈಲು ಸೇರಿದರು. ಬೇರೆ ಮಾಲೀಕರು 1981ರಲ್ಲಿ ಮತ್ತೆ ತೆರೆದರೂ ಹಳೆಯ ಕಳೆ ಬರಲಿಲ್ಲ.

ನಾಟಕ ಮರಳಿದ್ದು ಒಂದು ಅವಘಡದಿಂದ. 1998ರಲ್ಲಿ ಟೈಮ್ಸ್ ಸ್ಕ್ವೇರ್ ಹತ್ತಿರ ಕಟ್ಟಡ ಕಾಮಗಾರಿಯ ಲಿಫ್ಟ್ ಗೋಪುರ ಕುಸಿಯಿತು. ಪಕ್ಕದ ಥಿಯೇಟರಿನಲ್ಲಿ ‘ಕ್ಯಾಬರೆ’ ಎಂಬ ಸಂಗೀತ ನಾಟಕದ ಪ್ರದರ್ಶನ ಇದರಿಂದ ನಿಂತುಹೋಯಿತು. ಅದನ್ನು ನಡೆಸುತ್ತಿದ್ದ ರೌಂಡಬೌಟ್ ಥಿಯೇಟರ್ ಕಂಪನಿ ಅದೇ ವರ್ಷ ನಾಟಕವನ್ನು ಸ್ಟುಡಿಯೋ 54ಕ್ಕೆ ತಂದಿತು. ನೈಟ್‌ಕ್ಲಬ್ಬಿನಲ್ಲೇ ನಡೆಯುವ ಕಥೆ ಅದು, ಜಾಗ ಹೇಳಿ ಮಾಡಿಸಿದಂತಿತ್ತು ಅಲ್ವಾ? 2003ರಲ್ಲಿ ರೌಂಡಬೌಟ್ ಕಟ್ಟಡವನ್ನೇ ಕೊಂಡುಕೊಂಡಿತು. ಈಗ ಅದು ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ಹೆಸರಾಂತ ನಾಟಕ ವಲಯದ ಒಂದು ಥಿಯೇಟರ್.