ದೋಸೆ ಮಗುಚುವ ಕೈಯೂ ವೀರಗಲ್ಲೂ

(ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ಅಂಚೆ ಕಚೇರಿಯಿಂದ ನಿವೃತ್ತಳಾಗಿ, ಕಳೆದ ಯುಗಾದಿಯಿಂದ ಶಾಸನ ಓದುವುದನ್ನು ಕಲಿಯುತ್ತಿದ್ದೇನೆ. ಒಂದು ವರ್ಷದಲ್ಲಿ ಸ್ವಂತವಾಗಿ ಓದಲು ಬಂದದ್ದು ಎರಡೇ ಕಲ್ಲು. ಕರಡು ಪುಸ್ತಕದ ತುಂಬ ತಪ್ಪುಗಳೇ. ಅದನ್ನು ಒಲೆಗೆ ಹಾಕಿ ಹೊಸದಾಗಿ ಶುರು ಮಾಡಬೇಕೆಂದಿದ್ದೇನೆ. ಈ ವರ್ಷಕ್ಕೆ ಸಂಸ್ಕೃತ, ತಮಿಳು ಲಿಪಿ, ಪಂಪನ ಎರಡೂ ಕಾವ್ಯ, ಹೊಯ್ಸಳರ ಇತಿಹಾಸ, ಕಂಪ್ಯೂಟರ್ ಎಂದು ಪಟ್ಟಿ ಮಾಡಿಕೊಂಡಿದ್ದೇನೆ. ಈ ವಯಸ್ಸಿನಲ್ಲಿ ಆಗುವ ಮಾತೇ?)

ಮಾನ್ಯರೆ,

ಮೊದಲು ಆ ಕರಡು ಪುಸ್ತಕವನ್ನು ಒಲೆಯಿಂದ ದೂರವಿಡಿ. ಉಳಿದದ್ದನ್ನು ಆಮೇಲೆ ಮಾತನಾಡೋಣ.

ನಿಮ್ಮ ಪತ್ರದಲ್ಲಿ ನನಗೆ ಅತಿ ಇಷ್ಟವಾದದ್ದು ನೀವು ನಾಚಿಕೊಂಡು ಬರೆದ ಭಾಗ. ಕೆರೆ ಏರಿಯ ಮೇಲಿನ ವೀರಗಲ್ಲಿನಲ್ಲಿ ‘ತುಱುವಂ ಮಗುೞ್ಚಿ’ ಎಂದು ಓದಿ, ದನಗಳ ಜೊತೆಗೆ ಯಾವುದೋ ಮಗುವನ್ನೂ ಉಳಿಸಲು ಹೋಗಿ ಆ ವೀರ ಸತ್ತನೆಂದು ಎರಡು ತಿಂಗಳು ನಂಬಿದ್ದಿರಿ. ಆ ಕಾಣದ ಮಗುವಿಗೆ ಏನಾಯಿತೋ ಎಂದು ಕಳವಳಪಟ್ಟಿರಿ ಕೂಡ. ಆಮೇಲೆ ನಿಘಂಟು ನೋಡಿದಾಗ ತಿಳಿಯಿತು: ಮಗುೞ್ಚು ಎಂದರೆ ಹಿಂದಕ್ಕೆ ತಿರುಗಿಸು, ತುಱು ಎಂದರೆ ದನ. ಕಳ್ಳರು ಹೊಡೆದುಕೊಂಡು ಹೋದ ದನವನ್ನು ಹಿಂದಿರುಗಿಸಿ ತಂದು ಸತ್ತವನು ಅವನು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಮಗು ಎಲ್ಲಿಯೂ ಇರಲಿಲ್ಲ.

ಇದು ತಪ್ಪು ಹೌದು, ಆದರೆ ದಡ್ಡತನವಲ್ಲ. ಮಗುೞ್ಚು ಇಂದಿಗೂ ನಿಮ್ಮ ಅಡುಗೆಮನೆಯಲ್ಲಿದೆ. ದೋಸೆ ಮಗುಚುವ ಕೈಯ ‘ಮಗುಚು’ ಅದೇ ಪದ. ನಡುವಿನ ೞ ಮಾತ್ರ ಉದುರಿದೆ. ಸರಿಯಾದ ಅರ್ಥವನ್ನು ಮೊದಲ ದಿನವೇ ಯಾರಾದರೂ ಹೇಳಿಬಿಟ್ಟಿದ್ದರೆ ನೀವು ಬರೆದುಕೊಂಡು ಮರೆಯುತ್ತಿದ್ದಿರಿ. ಈಗ ಬದುಕಿರುವವರೆಗೂ ಮರೆಯುವುದಿಲ್ಲ.

ಎರಡೇ ಕಲ್ಲು ಎಂದು ಕೊರಗಬೇಡಿ. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಕೂಡ ಶುರುವಿನಲ್ಲಿ ಶಾಸನದ ನೌಕರರಲ್ಲ. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದುಡಿಯುತ್ತಿದ್ದವರು. ಅವರ ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ ಕೊಡಗಿನ ಸಂಪುಟ ಬಂದದ್ದು 1886ರಲ್ಲಿ, ನಿಮ್ಮ ಹಾಸನದ ಸರದಿ 1902ರಲ್ಲಿ. ಜೊತೆಗೆ ಪಂಡಿತರ ಒಂದು ಪಡೆಯೇ ಇತ್ತು. ನಿಮಗೆ ಇದ್ದದ್ದು ಒಂದು ಟಾರ್ಚು ಮತ್ತು ಸೋದರಳಿಯನ ಸ್ಕೂಟರು. (ಟಾರ್ಚನ್ನು ಸಂಜೆ ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯುತ್ತೀರೆಂದು ಬರೆದಿದ್ದೀರಿ, ಅದೇ ಸರಿಯಾದ ವಿಧಾನ. ಸೀಮೆಸುಣ್ಣ ತಿಕ್ಕುವುದನ್ನು ಮಾತ್ರ ಬಿಡಿ. ತಂತಿ ಬ್ರಷ್ಷಿನ ಮಾತಂತೂ ಎತ್ತಲೇಬೇಡಿ.)

ಇನ್ನು ಪಟ್ಟಿ. ನಾನೂ ಪ್ರತಿ ಯುಗಾದಿಗೆ ಇಂಥದ್ದೊಂದನ್ನು ಬರೆಯುವವನೇ. ಉರ್ದು ಲಿಪಿ ಮೂರು ವರ್ಷದಿಂದ ಅದರ ಮೊದಲ ಸಾಲಿನಲ್ಲಿದೆ; ಪಟ್ಟಿ ಬರೆದ ದಿನವೇ ಅರ್ಧ ಕಲಿತಷ್ಟು ಸಂತೋಷವಾಗಿ, ಉಳಿದರ್ಧದ ಆಸೆ ಆರಿಹೋಗುತ್ತದೆ. ಆದ್ದರಿಂದ ನಿಮ್ಮ ಐದರಲ್ಲಿ ನಾಲ್ಕನ್ನು ಹೊಡೆದುಹಾಕಿ ಎನ್ನಲು ನನಗೆ ಸಂಕೋಚವಿಲ್ಲ. ಐದನ್ನೂ ಹೊಡೆದುಹಾಕಿದರೆ ಇನ್ನೂ ಒಳ್ಳೆಯದು, ಏಕೆಂದರೆ ನಿಮ್ಮ ನಿಜವಾದ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ. ಅದು ಪತ್ರದ ಕೊನೆಯ ಪುಟದ ಅಂಚಿನಲ್ಲಿದೆ: ‘ಪಕ್ಕದ ಊರಿನ ಕಲ್ಲಿನಲ್ಲಿ ಇದೇ ಪದ ಮಗುಳ್ಚಿ ಎಂದು ಕಾಣುತ್ತದೆ, ಬಹುಶಃ ನನ್ನ ಕಣ್ಣಿನ ದೋಷ.’

ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಕನ್ನಡದಲ್ಲಿ ೞ ಎಂಬ ಹಳೆಯ ಅಕ್ಷರ (ಇದಕ್ಕೆ ರಳ ಎಂದು ಹೆಸರು) ನಿಧಾನವಾಗಿ ಅಳಿಯಿತು. ಬಾೞೆ ಬಾಳೆಯಾಯಿತು, ಏೞ್ ಏಳಾಯಿತು. ವ್ಯಂಜನದ ಮುಂದೆ ಇದ್ದಾಗ ಅದು ಕರಗಿ ಎೞ್ದು ಎಂಬುದು ಎದ್ದು ಆಯಿತು. ತಮಿಳು, ಮಲಯಾಳದವರು ಅದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ರಳವಿರುವ ಪದಗಳನ್ನು ಕೂತು ಪಟ್ಟಿ ಮಾಡಬೇಕಾಯಿತು. ಎಲ್ಲರ ನಾಲಗೆಯಲ್ಲಿಯೂ ಇದ್ದ ಅಕ್ಷರಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ.

ಹಾಗಾದರೆ ನಿಮ್ಮ ತಾಲ್ಲೂಕಿನಲ್ಲಿ ಅದು ಯಾವಾಗಿನಿಂದ ತಪ್ಪತೊಡಗಿತು? ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಗ್ರಂಥಾಲಯದಲ್ಲಿ ಹುಡುಕಿ. ಕಾಲ ನಮೂದಾಗಿರುವ ತುಱುಗೊಳ್ ಕಲ್ಲುಗಳನ್ನಷ್ಟೇ, ಅಂದರೆ ದನ ಹೊಡೆದೊಯ್ದ ಕಾಳಗದ ವೀರಗಲ್ಲುಗಳನ್ನಷ್ಟೇ, ಆರಿಸಿ. ಶಕ ವರ್ಷಕ್ಕೆ 78 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ಸಿಗುತ್ತದೆ. ಇದೊಂದು ಪದ ಎಲ್ಲಿ ೞ, ಎಲ್ಲಿ ಳ ಎಂದು ಬರೆದಿಡಿ. ಮುದ್ರಿತ ಪಾಠವನ್ನು ಪೂರ್ತಿ ನಂಬದೆ, ಹತ್ತಿರದ ಕಲ್ಲುಗಳಿಗೆ ಸ್ಕೂಟರಿನಲ್ಲಿ ಹೋಗಿ ಬನ್ನಿ.

ಒಂದು ಎಚ್ಚರ. ಸರಿಯಾದ ೞ ಕಂಡ ಮಾತ್ರಕ್ಕೆ ಜನ ಹಾಗೆ ಉಚ್ಚರಿಸುತ್ತಿದ್ದರೆಂದು ಹೇಳಲಾಗದು. ಓದಿದವನು ಹಳೆಯ ಕಾಗುಣಿತವನ್ನು ಅಭ್ಯಾಸಬಲದಿಂದ ಉಳಿಸಿಕೊಂಡಿರುತ್ತಾನೆ. ಅವನ ಊರಿನ ನಾಲಗೆ ಹೇಗಿತ್ತೆಂದು ಬಾಯಿಬಿಡುವವನು ಕಾಗುಣಿತ ತಪ್ಪಿದ ರೂವಾರಿ, ಎಂದರೆ ಕಲ್ಲು ಕೆತ್ತಿದವನು. ಅವನ ಉಳಿಯ ತಪ್ಪೇ ನಿಮಗೆ ಸಾಕ್ಷಿ. ಇಷ್ಟು ಹೇಳಿದ ಮೇಲೆ ಕರಡು ಪುಸ್ತಕವನ್ನು ಏಕೆ ಸುಡಬಾರದೆಂದು ಬೇರೆ ಹೇಳಬೇಕೇ? ವಿಂಗಡಣೆಯ ಮೇಜಿನಲ್ಲಿ 31 ವರ್ಷ ಸೊಟ್ಟ ಅಕ್ಷರದ ವಿಳಾಸಗಳನ್ನು ಓದಿದವರು ನೀವು; ಬರೆದವನ ಕೈ ಎಲ್ಲಿ ಜಾರುತ್ತದೆಂದು ಪಂಡಿತರಿಗಿಂತ ಚೆನ್ನಾಗಿ ಬಲ್ಲಿರಿ.

ಪಂಪ ಕಾಯುತ್ತಾನೆ. ಕಂಪ್ಯೂಟರು ಪಟ್ಟಿ ಹಾಕಲು ಬೇಕೆನಿಸಿದಾಗ ತಾನಾಗಿ ಬರುತ್ತದೆ. ಗೆರೆ ಎಳೆದ ನೋಟ್ ಪುಸ್ತಕವೂ ನಡೆಯುತ್ತದೆ.

ದೀಪಾವಳಿಯ ಹೊತ್ತಿಗೆ ಹತ್ತು ಕಲ್ಲುಗಳ ವಿವರ ಕೂಡಿದರೆ ನಮ್ಮ ಪತ್ರಿಕೆಗೆ ಬರೆಯಿರಿ. ಜೊತೆಗೆ ಕರಡು ಪುಸ್ತಕದ ಕೆಲವು ಹಾಳೆಗಳ ನೆರಳಚ್ಚು ಕಳುಹಿಸಿ. ಮಗು ಇರುವ ಹಾಳೆಯನ್ನು ಬಿಡದೆ ಸೇರಿಸಿ.

— ಸಂಪಾದಕ